ತಕ್ಕಡಿಯ ವಾಕ್ಯ

ಕೇಳುಗರೆಲ್ಲರಿಗೂ ನಮಸ್ಕಾರ.

ಕೋಲಾರದ ಎಪಿಎಂಸಿ ಮಾರುಕಟ್ಟೆಯ ಒಂದು ಟೊಮೆಟೊ ಮಂಡಿಯಲ್ಲಿ ನಾನು ಲೆಕ್ಕ ಬರೆಯುತ್ತೇನೆ. 2023ರ ಜುಲೈ ನಿಮಗೆ ನೆನಪಿರಬೇಕು. 15 ಕೆಜಿಯ ಬಾಕ್ಸ್ ಎರಡು ಸಾವಿರ ರೂಪಾಯಿ ದಾಟಿದ ತಿಂಗಳು ಅದು. ಒಂದು ಬೆಳಿಗ್ಗೆ ಹಳ್ಳಿಯಿಂದ ಲೋಡ್ ಬಂತು. ರೈತರು ಬಂದಿರಲಿಲ್ಲ, ಡ್ರೈವರ್ ಕೈಯಲ್ಲಿ ಚೀಟಿ ಕಳಿಸಿದ್ದರು. ಚೀಟಿಯಲ್ಲಿ 62 ಅಂತಿತ್ತು. ಇಳಿಸಿ ಎಣಿಸಿದರೆ 64.

ಮಗಳ ಸ್ಕೂಲ್ ಫೀಸ್ ಬಾಕಿ ಇತ್ತು. ಆ ಎರಡು ಬಾಕ್ಸ್ ಬೇರೆ ಹೆಸರಿಗೆ ಬರೆದರೆ ಕೇಳುವವರು ಯಾರೂ ಇಲ್ಲ. ಬಿಲ್ ಪುಸ್ತಕದಲ್ಲಿ 6 ಅಂತ ಬರೆದೆ. ಪೆನ್ನು ಅಲ್ಲೇ ನಿಂತಿತು. ಪಕ್ಕಕ್ಕೆ 2 ಬರೆಯಲೋ, 4 ಬರೆಯಲೋ? ಆಗ ಅಜ್ಜಿಯ ದನಿ ಕೇಳಿದ ಹಾಗಾಯಿತು. “ಮೋಸದ ತಕ್ಕಡಿ ಯೆಹೋವನಿಗೆ ಅಸಹ್ಯ.” 4 ಬರೆದೆ. ಕೈ ಬೆವರಿತ್ತು.

ಅದು ಬೈಬಲಿನ ಜ್ಞಾನೋಕ್ತಿಗಳು ಎಂಬ ಪುಸ್ತಕದ 11ನೇ ಅಧ್ಯಾಯದ ಮೊದಲ ವಚನ. ಪುಸ್ತಕದಲ್ಲಿರುವುದು ‘ತ್ರಾಸು’. ಅಜ್ಜಿಗೆ ಓದು ಬರುತ್ತಿರಲಿಲ್ಲ. ಸಂತೆಯಲ್ಲಿ ಹುಣಸೆಹಣ್ಣು ಮಾರುತ್ತಿದ್ದರು. ದಿನವಿಡೀ ಕೈಯಲ್ಲಿದ್ದದ್ದು ತಕ್ಕಡಿ, ವಾಕ್ಯದಲ್ಲೂ ಅದೇ ಬಂತು. ರಾತ್ರಿ ಮುದ್ದೆ ಉಂಡ ಮೇಲೆ ನಾನು ಒಂದು ವಚನ ಓದಬೇಕು, ಅವರು ಮೂರು ಸಲ ಹೇಳುತ್ತಿದ್ದರು. ಆಮೇಲೆ, “ಇದು ನಿಂಗೆ ಎಲ್ಲಿ ತಗಲುತ್ತೋ ಮಗ?” ಅನ್ನುತ್ತಿದ್ದರು. ಉತ್ತರ ಹೇಳದೆ ಏಳುವ ಹಾಗಿರಲಿಲ್ಲ. ವಾರಪೂರ್ತಿ ಅದೇ ಒಂದು ವಚನ. ಸಂಡೇ ಸ್ಕೂಲಿನಲ್ಲಿ ಬಹುಮಾನಕ್ಕೆ ಬಾಯಿಪಾಠ ಮಾಡಿದ್ದು ಎಷ್ಟೋ ಮರೆತುಹೋಗಿದೆ. ಅಜ್ಜಿಗೆ ಉತ್ತರ ಕೊಟ್ಟ ವಚನಗಳು ಉಳಿದಿವೆ.

ಬೈಬಲಿನ 119ನೇ ಕೀರ್ತನೆಯಲ್ಲಿ 176 ವಚನಗಳಿವೆ. ನಿನಗೆ ವಿರೋಧವಾಗಿ ಪಾಪ ಮಾಡಬಾರದೆಂದು ನಿನ್ನ ನುಡಿಯನ್ನು ಹೃದಯದಲ್ಲಿ ಇಟ್ಟುಕೊಂಡಿದ್ದೇನೆ ಎನ್ನುವುದು 11ನೆಯದು. ಈಗ ಬೈಬಲ್ ಫೋನಿನಲ್ಲೇ ಇದೆ, ಒಳ್ಳೆಯದೇ. ಆದರೆ ಪೆನ್ನು 6ರ ಪಕ್ಕ ನಿಂತಿರುವಾಗ ಯಾರು ಫೋನ್ ತೆಗೆದು ಹುಡುಕುತ್ತಾರೆ?

ಮತ್ತಾಯನ ಸುವಾರ್ತೆಯ 4ನೇ ಅಧ್ಯಾಯ ನೋಡಿ. ಯೇಸುಸ್ವಾಮಿ ಅಡವಿಯಲ್ಲಿ 40 ದಿನ ಉಪವಾಸ ಇದ್ದರು. ಹಸಿವಾಗಿತ್ತು. ಕಲ್ಲನ್ನು ರೊಟ್ಟಿ ಮಾಡು ಅಂದ ಸೈತಾನ. ಸೈತಾನ ಒಡ್ಡಿದ ಮೂರು ಶೋಧನೆಗೂ, ಅಂದರೆ ಪ್ರಲೋಭನೆಗೂ, ಅವರು ಕೊಟ್ಟ ಉತ್ತರ ಹಳೆಯ ಒಡಂಬಡಿಕೆಯ ಧರ್ಮೋಪದೇಶಕಾಂಡದ 6 ಮತ್ತು 8ನೇ ಅಧ್ಯಾಯಗಳದ್ದು. ಮನುಷ್ಯ ರೊಟ್ಟಿ ತಿಂದ ಮಾತ್ರಕ್ಕೆ ಬದುಕುವುದಿಲ್ಲ ಎಂಬ ಮಾತು 8ರಲ್ಲಿದೆ. ಇಸ್ರಾಯೇಲ್ಯರು 40 ವರ್ಷ ಅಡವಿಯಲ್ಲಿ ಹಸಿದು, ದೇವರು ಕೊಟ್ಟ ಮನ್ನ ಎಂಬ ಆಹಾರ ತಿಂದು ಕಲಿತ ಪಾಠ ಅದು. ಹಸಿದಿದ್ದಾಗ ಹಸಿವಿನ ಪಾಠವೇ ಬಾಯಿಗೆ ಬಂತು. ಮೊದಲೇ ಒಳಗೆ ಇಳಿದಿತ್ತು, ಅಲ್ವಾ?

ಸೈತಾನನಿಗೂ ವಚನ ಗೊತ್ತು. ಯೇಸುಸ್ವಾಮಿಯನ್ನು ದೇವಾಲಯದ ಮೇಲೆ ನಿಲ್ಲಿಸಿ 91ನೇ ಕೀರ್ತನೆಯನ್ನೇ ಹೇಳಿದ. ದೂತರು ಕೈಯಲ್ಲಿ ಎತ್ತಿಕೊಳ್ಳುತ್ತಾರೆ, ಧುಮುಕು ಅಂತ. ಅವತ್ತು ಮಂಡಿಯಲ್ಲಿ ನನಗೂ ಇನ್ನೊಂದು ವಚನ ಹೊಳೆದಿತ್ತು. ದೇವರು ನಿಮ್ಮ ಪ್ರತಿಯೊಂದು ಕೊರತೆಯನ್ನೂ ನೀಗಿಸುವನು ಎಂಬುದು. ಎರಡು ಬಾಕ್ಸ್ ದೇವರೇ ಕೊಟ್ಟದ್ದು ಅಂದುಕೊಳ್ಳುವುದು ಎಷ್ಟು ಸುಲಭ! ಅಪೊಸ್ತಲ ಪೌಲ ಆ ಮಾತನ್ನು ಬರೆದದ್ದು ಬೇಡಿಯಲ್ಲಿದ್ದಾಗ, ತನಗೆ ಕೈ ಬಿಚ್ಚಿ ಸಹಾಯ ಮಾಡಿದ ಫಿಲಿಪ್ಪಿ ಊರಿನ ಸಭೆಯವರಿಗೆ. ಹಿಂದೆ ಮುಂದೆ ಓದಿಕೊಂಡಿದ್ದರಿಂದ ಅವತ್ತು ಬಚಾವಾದೆ.

ಎಲ್ಲ ಕಡೆ ಗೆದ್ದಿಲ್ಲ ನಾನು. ನನಗೆ ಕೋಪ ಜಾಸ್ತಿ. ಹಮಾಲರ ಮೇಲೆ ಸುಮ್ನೆ ರೇಗುತ್ತೇನೆ. ಅದಕ್ಕೆ ಮೂರು ವಾರದಿಂದ 141ನೇ ಕೀರ್ತನೆಯ ಮೂರನೇ ವಚನ ಹಿಡಿದಿದ್ದೇನೆ. ನನ್ನ ಬಾಯಿಗೆ ಕಾವಲಿರಿಸು ಎಂಬ ಪ್ರಾರ್ಥನೆ. ಬೆಳಿಗ್ಗೆ ಗಾಡಿ ಓಡಿಸುತ್ತಾ ಹೇಳಿಕೊಳ್ಳುತ್ತೇನೆ. ಮೊದಲ ಎರಡು ವಾರ ರೇಗಿದ ಮೇಲೆ ನೆನಪಾಗುತ್ತಿತ್ತು. ಮೊನ್ನೆ ಒಬ್ಬ ಹುಡುಗ ತುಂಬಿದ ಬಾಕ್ಸ್ ಬೀಳಿಸಿದ. ಹಣ್ಣೆಲ್ಲ ನೆಲಕ್ಕೆ. ಬಾಯಿ ತೆರೆದೆ, ಮುಚ್ಚಿದೆ. ಅವನ ಪಕ್ಕ ಕೂತು ಚೆನ್ನಾಗಿದ್ದ ಹಣ್ಣು ಆರಿಸತೊಡಗಿದೆ.