ಕಾರಿನ ಗಾಜಿನಾಚೆ ಬೆಳೆದ ಸಿನಿಮಾ

ಹಾಲಿವುಡ್ ಚರಿತ್ರೆ ಅಂದರೆ ನಾವು ನಿರ್ದೇಶಕರ ಹೆಸರು ಒಪ್ಪಿಸುತ್ತೇವೆ. ನೋಡುವವರು ಎಲ್ಲಿ ಕೂತಿದ್ದರು ಅಂತ ಯಾರೂ ಕೇಳುವುದಿಲ್ಲ. ನನ್ನ ತಕರಾರು ಅದೇ. ಎರಡನೇ ಮಹಾಯುದ್ಧದ ನಂತರ ಹುಟ್ಟಿದ ಅಮೆರಿಕನ್ನರಲ್ಲಿ ಬಹಳ ಮಂದಿ ಕಾರಿನಲ್ಲಿ ಕೂತು ಸಿನಿಮಾ ನೋಡುತ್ತ ಬೆಳೆದರು. 1950ರ ದಶಕದ ಕೊನೆಗೆ ಅಲ್ಲಿ ಸುಮಾರು 4,000 ಡ್ರೈವ್-ಇನ್‌ಗಳು, ಅಂದರೆ ಕಾರಿನಲ್ಲೇ ಕೂತು ನೋಡುವ ಬಯಲು ಟಾಕೀಸುಗಳು, ಇದ್ದವು.

ಶುರುಮಾಡಿದ್ದು ನ್ಯೂ ಜರ್ಸಿಯ ರಿಚರ್ಡ್ ಹಾಲಿಂಗ್ಸ್‌ಹೆಡ್ ಎಂಬ ಆಸಾಮಿ. ಮನೆಯ ಹತ್ತಿರ ಮರಗಳಿಗೆ ಪರದೆ ಬಿಗಿದ, ಕಾರಿನ ಬಾನೆಟ್ ಮೇಲೆ ಪ್ರೊಜೆಕ್ಟರ್ ಕೂರಿಸಿದ, ಪರದೆಯ ಹಿಂದೆ ರೇಡಿಯೊ ಇಟ್ಟು ಗಾಜು ಏರಿಸಿ ಇಳಿಸಿ ಕೇಳಿದ. ಮಳೆ ಬಂದರೆ? ಹುಲ್ಲಿಗೆ ನೀರು ಚಿಮ್ಮಿಸುವ ಸ್ಪ್ರಿಂಕ್ಲರನ್ನೇ ಕಾರಿನ ಮೇಲೆ ಬಿಟ್ಟ! ನೆರೆಹೊರೆಯವರು ಏನಂದುಕೊಂಡರೋ. ನಿಜವಾದ ತೊಡಕು ಬೇರೆ: ಮುಂದಿನ ಕಾರು ಹಿಂದಿನವರಿಗೆ ಅಡ್ಡ. ಮುಂಚಕ್ರಗಳಡಿ ದಿಮ್ಮಿ ಕೊಟ್ಟು, ಮೂತಿ ಎಷ್ಟೆತ್ತಿದರೆ ಪರದೆ ಕಾಣುತ್ತದೆಂದು ನೋಡಿದ. ಅದೇ ಆಮೇಲೆ ಸಾಲುಸಾಲು ದಿಬ್ಬವಾಯಿತು. 1933ರ ಜೂನ್ 6ರಂದು ಕ್ಯಾಮ್ಡೆನ್‌ನಲ್ಲಿ ಬಾಗಿಲೇ ಇಲ್ಲದ ಟಾಕೀಸು ಬಾಗಿಲು ತೆರೆಯಿತು. ಕಾರಿಗೆ 25 ಸೆಂಟ್, ತಲೆಗೆ 25 ಸೆಂಟ್.

ಆಗ ಸ್ಪೀಕರ್ ಇದ್ದದ್ದು ಪರದೆಯ ಬಳಿ. ಶಬ್ದದ ವೇಗ ಸೆಕೆಂಡಿಗೆ ಸುಮಾರು 1,100 ಅಡಿ. 500 ಅಡಿ ಹಿಂದೆ ನಿಂತ ಕಾರಿಗೆ ಮಾತು ಅರ್ಧ ಸೆಕೆಂಡಿನ ಹತ್ತಿರ, ಅಂದರೆ ಸೆಕೆಂಡಿಗೆ 24ರಂತೆ ಓಡುವ ರೀಲಿನಲ್ಲಿ ಹತ್ತು-ಹನ್ನೊಂದು ಫ್ರೇಮು ತಡ. ನಾಯಕಿ ಬಾಯಿ ಮುಚ್ಚಿದ ಮೇಲೆ ಡೈಲಾಗು. 1940ರ ದಶಕದಲ್ಲಿ ಎರಡು ಕಾರಿಗೊಂದು ಕಂಬ, ಗಾಜಿಗೆ ಸಿಕ್ಕಿಸುವ ಸ್ಪೀಕರು ಬಂದವು. ಆಟ ಮುಗಿದಾಗ ಮರೆತು ಗಾಡಿ ಹೊರಡಿಸಿದಿರೋ, ವೈರು ಸಮೇತ ಕಿತ್ತು ಬರುತ್ತಿತ್ತು.

ಬೆಳಕಿನ ಲೆಕ್ಕ ಕೇಳಿ. 30 ಅಡಿ ಅಗಲದ ಪರದೆಯನ್ನು 90 ಅಡಿಗೆ ಹಿಗ್ಗಿಸಿದರೆ ವಿಸ್ತೀರ್ಣ ಒಂಬತ್ತು ಪಟ್ಟು. ದೀಪ ಅದೇ ಆದರೆ ಚದರ ಅಡಿಗೆ ಸಿಗುವ ಬೆಳಕು ಒಂಬತ್ತರಲ್ಲಿ ಒಂದು ಪಾಲು. ಮೇಲೆ ಚಂದ್ರ, ಪಕ್ಕದಲ್ಲಿ ತಡವಾಗಿ ಬಂದವನ ಹೆಡ್‌ಲೈಟು. ರಾತ್ರಿಯ ದೃಶ್ಯ ಬಂತೋ, ಬರೀ ಕರಿಕಂಬಳಿ. ಪಿಸುಮಾತು ಆ ಡಬ್ಬಿ ಸ್ಪೀಕರಿನಲ್ಲಿ ಗೊರಗೊರ. ಒಂದು ಕಾರಿನಲ್ಲಿ ಅಳುವ ಮಗು, ಇನ್ನೊಂದರಲ್ಲಿ ಪರದೆಯ ಕಡೆ ನೋಡದ ಜೋಡಿ. ಹತ್ತು ನಿಮಿಷ ಬಿಟ್ಟುಹೋದರೂ ಕಥೆ ಕೈಗೆ ಸಿಗಬೇಕು. ಅಲ್ಲಿ ದಕ್ಕಿದ್ದು ಬಣ್ಣ, ಬೆಂಕಿ, ಓಟ, ಕಿರುಚಾಟ.

ಈ ಜಾಗಕ್ಕೆ ತಕ್ಕ ಸರಕು ಮಾಡಿದ್ದು ಅಮೆರಿಕನ್ ಇಂಟರ್‌ನ್ಯಾಷನಲ್ ಪಿಕ್ಚರ್ಸ್ ಎಂಬ ಅಗ್ಗದ ಚಿತ್ರಗಳ ಕಂಪನಿ. ಅವರ ಸೂತ್ರ: ಚಿಕ್ಕವನು ದೊಡ್ಡವನ ಸಿನಿಮಾ ನೋಡುತ್ತಾನೆ, ದೊಡ್ಡವನು ಚಿಕ್ಕವನದ್ದು ನೋಡುವುದಿಲ್ಲ, ಹುಡುಗಿ ಹುಡುಗನದ್ದು ನೋಡುತ್ತಾಳೆ, ಹುಡುಗ ಹುಡುಗಿಯದ್ದು ನೋಡುವುದಿಲ್ಲ. ಹಾಗಾಗಿ 19ರ ಹುಡುಗನಿಗೇ ಗುರಿಯಿಡಿ. ಹೆಣ್ಣುಮಕ್ಕಳು ಒಪ್ಪುವ ಮಾತಲ್ಲ, ಆದರೆ ಗಲ್ಲಾ ತುಂಬಿತು. ಅವರಿಗೆ ಚಿತ್ರ ಮಾಡಿಕೊಡುತ್ತಿದ್ದ ರೋಜರ್ ಕೋರ್ಮನ್ ಕೈಕೆಳಗೇ, ಮುಂದೆ ‘ಗಾಡ್‌ಫಾದರ್’ ಮಾಡಿದ ಕೊಪ್ಪೊಲಾ ಕಸುಬು ಕಲಿತದ್ದು. ಮುಂದೆ ‘ಟ್ಯಾಕ್ಸಿ ಡ್ರೈವರ್’ ಮಾಡಿದ ಸ್ಕಾರ್ಸೆಸಿಗೂ ಅಲ್ಲೊಂದು ಚಿತ್ರ ಸಿಕ್ಕಿತು.

ಭಾಷಣ ಮುಗಿಸಿ ಅಂತ ಚೀಟಿ ಬಂತು, ಉಳಿದದ್ದು ಎರಡೇ ನಿಮಿಷವಂತೆ. ಮಲ್ಟಿಪ್ಲೆಕ್ಸ್ ಭಾಗ ಬಿಟ್ಟೆ. 1975ರ ಜೂನ್ 20ಕ್ಕೆ ಹಾರುತ್ತೇನೆ: ಶಾರ್ಕ್ ಮೀನಿನ ಚಿತ್ರ ‘ಜಾಸ್’ ಒಂದೇ ದಿನ ನಾನೂರಕ್ಕೂ ಹೆಚ್ಚು ಚಿತ್ರಮಂದಿರಗಳಲ್ಲಿ, ಟಿವಿ ಜಾಹೀರಾತಿನ ಅಬ್ಬರದೊಂದಿಗೆ. ತಿಂಗಳು ನೋಡಿ, ನಡುಬೇಸಿಗೆ, ಡ್ರೈವ್-ಇನ್‌ನ ಸುಗ್ಗಿಕಾಲ. ನೀರಿನಲ್ಲೊಂದು ಭೂತ, ದಡದಲ್ಲಿ ಹುಡುಗರು, ಎಂಥ ಸ್ಪೀಕರಿನಲ್ಲೂ ಗುರುತು ಸಿಗುವ ಎರಡು ಸ್ವರ. ಅಮೆರಿಕನ್ ಇಂಟರ್‌ನ್ಯಾಷನಲ್ ಇಪ್ಪತ್ತು ವರ್ಷದಿಂದ ಮಾರುತ್ತಿದ್ದದ್ದೂ ಇದನ್ನೇ, ದುಡ್ಡು ಮಾತ್ರ ಕಡಿಮೆ ಸುರಿದು.

ಇಂಟರ್‌ವಲ್ಲು, ಪಾಪ್‌ಕಾರ್ನಿನ ಲೆಕ್ಕ ಉಳಿಯಿತು. ಕಾಫಿ ಹೊತ್ತಿಗೆ ಯಾರಾದರೂ ಕೇಳಿ.