ಒಂದು ಲೀಟರ್ ಹಾಲಿಗೆ ಎಷ್ಟು ಹೊತ್ತಿನ ದುಡಿಮೆ

ಕೇಳುಗರೆಲ್ಲರಿಗೂ ನಮಸ್ಕಾರ. 2025ರ ಜೂನ್, ಜುಲೈ ಎರಡು ತಿಂಗಳು ನಾನೂ ನಮ್ಮೆಜಮಾನ್ರೂ ಜರ್ಮನಿಯ ಮ್ಯೂನಿಕ್‌ನಲ್ಲಿ ಮಗಳ ಮನೇಲಿದ್ವಿ. ಹೋದ ಮೂರನೇ ದಿನ ಒಗ್ಗರಣೆಗೆ ಕರಿಬೇವಿಲ್ಲ ಅಂತ ಅಲ್ಲಿನ ಇಂಡಿಯನ್ ಅಂಗಡಿಗೆ ಹೋದ್ವಿ. ಒಂದು ಪುಟ್ಟ ಪ್ಲಾಸ್ಟಿಕ್ ಕವರು, ಒಳಗೆ ಎಣಿಸಿದ್ರೆ ಒಂಬತ್ತೋ ಹತ್ತೋ ಕಡ್ಡಿ, ಎಲೆ ತುದಿ ಆಗ್ಲೇ ಕಪ್ಪಾಗೋಕೆ ಶುರುವಾಗಿತ್ತು, ಮೇಲೆ ಅಂಟಿಸಿದ ಚೀಟೀಲಿ 2 ಯೂರೋ. ಆಗ ಯೂರೋ ಅಂದ್ರೆ ಹೆಚ್ಚುಕಮ್ಮಿ 100 ರೂಪಾಯಿ. ಇನ್ನೂರು ರೂಪಾಯಿ, ಕರಿಬೇವಿಗೆ! ಹಾಸನದ ಸಂತೇಲಿ ನಾನು ಯಾವತ್ತೂ ಕರಿಬೇವಿಗೆ ಅಂತ ಬೇರೆ ದುಡ್ಡು ಕೊಟ್ಟೋಳಲ್ಲ, ತರಕಾರಿ ತಗೊಂಡ್ಮೇಲೆ ಎರಡು ಎಸಳು ಕೊಸರು ಅಂತ ಅವರೇ ಚೀಲಕ್ಕೆ ಹಾಕ್ತಾರೆ. ಕವರು ವಾಪಸ್ ಇಟ್ಟೆ. ಮಗಳು ಅದನ್ನೇ ಎತ್ಕೊಂಡು ಬುಟ್ಟಿಗೆ ಹಾಕಿ, "ಅಮ್ಮಾ, ಎಲ್ಲಾನೂ ನೂರರಿಂದ ಗುಣಿಸ್ತಾ ಕೂತ್ರೆ ಇಲ್ಲಿ ಗಂಟಲಲ್ಲಿ ಅನ್ನ ಇಳಿಯಲ್ಲ" ಅಂದ್ಲು.

ಆ ಮಾತು ನನಗೆ ಕೊರೀತಾನೇ ಇತ್ತು. ಸಹಕಾರ ಬ್ಯಾಂಕಲ್ಲಿ ಕೆಲಸ ಮಾಡಿ ರಿಟೈರ್ ಆದವಳು ನಾನು, ಮನೆ ಖರ್ಚಿನ ನೋಟ್‌ಬುಕ್ ಇವತ್ತಿಗೂ ಬರೀತೀನಿ. ಗುಣಿಸೋದು ತಪ್ಪು ಅಂದ್ರೆ ಸರಿಯಾದ ಲೆಕ್ಕ ಯಾವುದು?

ದೊಡ್ಡ ದೊಡ್ಡೋರೂ ತಲೆ ಕೆಡಿಸ್ಕೊಂಡಿರೋ ಪ್ರಶ್ನೆ ಇದು. ದಿ ಎಕನಾಮಿಸ್ಟ್ ಅನ್ನೋ ಪತ್ರಿಕೆ 1986ರಲ್ಲಿ ಬಿಗ್ ಮ್ಯಾಕ್ ಸೂಚ್ಯಂಕ ಅಂತ ಶುರು ಮಾಡ್ತು. ಬಿಗ್ ಮ್ಯಾಕ್ ಅನ್ನೋ ಮೆಕ್‌ಡೊನಾಲ್ಡ್ಸ್ ಬರ್ಗರ್ ಬಹಳಷ್ಟು ದೇಶಗಳಲ್ಲಿ ಒಂದೇ ಥರ ಇರುತ್ತಲ್ಲ, ಅದರ ಬೆಲೆ ಎಲ್ಲಿ ಎಷ್ಟು ಅಂತ ನೋಡಿದ್ರೆ ಯಾವ ದೇಶದ ದುಡ್ಡಿಗೆ ಎಷ್ಟು ಬೆಲೆ ಕಟ್ಟಿದಾರೆ ಅನ್ನೋದು ಗೊತ್ತಾಗುತ್ತೆ ಅಂತ. ನಮ್ಮ ದೇಶದಲ್ಲಿ ದನದ ಮಾಂಸದ ಬರ್ಗರ್ ಅವರು ಮಾರಲ್ಲ, ಹಾಗಾಗಿ ನಮ್ಮ ಲೆಕ್ಕಕ್ಕೆ ಕೋಳಿ ಮಾಂಸದ ಮಹಾರಾಜಾ ಮ್ಯಾಕ್ ತಗೊಂಡ್ರು. ಇದಕ್ಕಿಂತ ದೊಡ್ಡ ಲೆಕ್ಕ ವಿಶ್ವಬ್ಯಾಂಕ್‌ನದು, ಅಕ್ಕಿ ಬೇಳೆ ಬಟ್ಟೆ ಬಾಡಿಗೆ ಆಸ್ಪತ್ರೆ ಎಲ್ಲಾ ಸೇರಿಸಿ ಹೋಲಿಸ್ತಾರೆ. 2017ರ ಲೆಕ್ಕದಲ್ಲಿ, ಅಮೆರಿಕದಲ್ಲಿ 1 ಡಾಲರಿಗೆ ಸಿಗೋದು ಇಂಡಿಯಾದಲ್ಲಿ ಸರಾಸರಿ 20 ರೂಪಾಯಿ 65 ಪೈಸೆಗೆ ಸಿಗುತ್ತೆ ಅಂತ ಬಂತು. ಆಗ ಬ್ಯಾಂಕಲ್ಲಿ ಡಾಲರ್ ರೇಟು 65 ರೂಪಾಯಿ! ಇಂಡಿಯಾ ಅಗ್ಗ ಅಂತ ಹೊರಗಿನಿಂದ ಬಂದೋರು ಹೇಳೋದು ಇದಕ್ಕೇ.

ಆದ್ರೆ ಅಗ್ಗ ಯಾರಿಗೆ? ನನ್ನ ಮನಸ್ಸು ನಿಂತಿದ್ದು ಅಲ್ಲಿ.

ಮಗಳ ಮನೆ ಹತ್ತಿರ ಒಂದು ಬೇಕರಿ ಇತ್ತು, ಬೆಳಿಗ್ಗೆ ಆರಕ್ಕೇ ಒಬ್ಬಳು ಹುಡುಗಿ ಬಂದು ಬ್ರೆಡ್ಡು ಜೋಡಿಸ್ತಿದ್ಲು. ಅಂಥ ಕೆಲಸಕ್ಕೆ ಎಷ್ಟು ಸಿಗಬಹುದು ಅಂತ ಅಳಿಯನ್ನ ಕೇಳಿದೆ. ಜರ್ಮನಿಯಲ್ಲಿ 2015ರಿಂದ ದೇಶಕ್ಕೆಲ್ಲ ಒಂದೇ ಕನಿಷ್ಠ ಕೂಲಿ ಕಾನೂನು ಇದೆಯಂತೆ, 2025ರಲ್ಲಿ ಅದು ಗಂಟೆಗೆ 12 ಯೂರೋ 82 ಸೆಂಟು, ಅದಕ್ಕಿಂತ ಕಮ್ಮಿ ಕೊಡೋ ಹಾಗಿರಲಿಲ್ಲ. ಅಲ್ಲಿ ಸೂಪರ್ ಮಾರ್ಕೆಟ್‌ನಲ್ಲಿ ಒಂದು ಲೀಟರ್ ಹಾಲು ಒಂದು ಯೂರೋ ಚಿಲ್ಲರೆ. ಅಂದ್ರೆ ಆ ಹುಡುಗಿ ಐದಾರು ನಿಮಿಷ ದುಡಿದ್ರೆ ಒಂದು ಲೀಟರ್ ಹಾಲು.

ಈಗ ನಮ್ಮ ಕಡೆ ಬನ್ನಿ. 2025ರ ಏಪ್ರಿಲ್‌ನಲ್ಲಿ ನಂದಿನಿ ಹಾಲಿಗೆ ಲೀಟರಿಗೆ 4 ರೂಪಾಯಿ ಏರಿಸಿ, ನೀಲಿ ಪ್ಯಾಕೆಟ್ 46 ರೂಪಾಯಿ ಆಯ್ತು. ಅದೇ ವರ್ಷ ಕರ್ನಾಟಕದಲ್ಲಿ ನರೇಗಾ ಕೂಲಿ ದಿನಕ್ಕೆ 370 ರೂಪಾಯಿ ಇತ್ತು. ಎಂಟು ಗಂಟೆಗೆ ಭಾಗಿಸಿ ನೋಡಿ, ಗಂಟೆಗೆ 46 ರೂಪಾಯಿ ನಾಲ್ಕಾಣೆ. ಬಿಸಿಲಲ್ಲಿ ಕೆರೆ ಹೂಳೆತ್ತೋ, ಬದು ಹಾಕೋ ಹೆಂಗಸಿಗೆ ಒಂದು ಲೀಟರ್ ಹಾಲು ಅಂದ್ರೆ ಪೂರ್ತಿ ಒಂದು ಗಂಟೆಯ ದುಡಿಮೆ. ನಾನು ಎರಡೆರಡು ಸಲ ಲೆಕ್ಕ ಮಾಡಿದೆ, ಅದೇ ಬಂತು. ರೂಪಾಯಿ ಲೆಕ್ಕದಲ್ಲಿ ನಮ್ಮ ಹಾಲು ಅವರದಕ್ಕಿಂತ ಅರ್ಧಕ್ಕರ್ಧ ಅಗ್ಗ, ಬೆವರಿನ ಲೆಕ್ಕದಲ್ಲಿ ಹತ್ತು ಪಟ್ಟು ದುಬಾರಿ.

ಪೆಟ್ರೋಲೂ ಹಾಗೇ. ಆಗ ಅಲ್ಲಿ ಲೀಟರಿಗೆ ಸುಮಾರು 1 ಯೂರೋ 70 ಸೆಂಟು ಇತ್ತು, ಎಂಟು ನಿಮಿಷದ ಕೂಲಿ. ಬೆಂಗಳೂರಲ್ಲಿ 103 ರೂಪಾಯಿ ಹತ್ತಿರ ಇತ್ತು, ಎರಡು ಗಂಟೆ ದಾಟುತ್ತೆ.

ನಮ್ಮೆಜಮಾನ್ರ ಕಟಿಂಗ್ ವಿಷಯ ಮಾತ್ರ ಬೇರೇನೇ ಹೇಳ್ತು. ಮ್ಯೂನಿಕ್‌ನಲ್ಲಿ ತಲೆಗೂದಲು ಕತ್ತರಿಸೋಕೆ 28 ಯೂರೋ ತಗೊಂಡ್ರು, 2,800 ರೂಪಾಯಿ, ಅವರು ಒಂದು ವಾರ ಅದನ್ನೇ ಹೇಳ್ತಿದ್ರು. ನಮ್ಮೂರಲ್ಲಿ ಅವರು ಕೊಡೋದು 100 ರೂಪಾಯಿ. ಆದ್ರೆ ಗಂಟೆ ಲೆಕ್ಕ ಹಾಕಿ ನೋಡಿದ್ರೆ ಅಲ್ಲೂ ಸುಮಾರು ಎರಡು ಗಂಟೆ ಹತ್ತು ನಿಮಿಷ, ಇಲ್ಲೂ ಸುಮಾರು ಎರಡು ಗಂಟೆ ಹತ್ತು ನಿಮಿಷ! ಯಾಕಂದ್ರೆ ಕಟಿಂಗಲ್ಲಿ ಇರೋದು ಇನ್ನೊಬ್ಬರ ಕೈ ದುಡಿಮೆ, ಇಲ್ಲಿಯ ಕೈಗೆ ಇಲ್ಲಿಯ ಕೂಲಿ, ಅಲ್ಲಿಯ ಕೈಗೆ ಅಲ್ಲಿಯ ಕೂಲಿ. ಪೆಟ್ರೋಲು, ಮೊಬೈಲು ಇವೆಲ್ಲ ಪ್ರಪಂಚದ ಮಾರ್ಕೆಟ್ ರೇಟಲ್ಲಿ ಓಡಾಡ್ತವೆ, ಅವಕ್ಕೆ ಬಡ ಊರು ಸಾಹುಕಾರ ಊರು ಅಂತಿಲ್ಲ. ಹಾಗಾದ್ರೆ ಇಂಡಿಯಾ ಅಗ್ಗ ಅಂತೀವಲ್ಲ, ಅದರಲ್ಲಿ ಬಹಳಷ್ಟು ನಮ್ಮ ಜನರ ಕೈ ಅಗ್ಗ ಅನ್ನೋದೇ ಇದೆ. ಇದನ್ನ ಹೇಳೋಕೆ ನನಗೆ ಹೊಟ್ಟೆ ಉರಿಯುತ್ತೆ.

ಈ ಲೆಕ್ಕವೇ ಪೂರ್ತಿ ಅಲ್ಲ, ಅದನ್ನೂ ಹೇಳ್ಬೇಕು. ನರೇಗಾ ಕೂಲಿ ತೀರಾ ಕೆಳಗಿಂದು, ಗಾರೆ ಕೆಲಸದೋರಿಗೆ ಇದಕ್ಕಿಂತ ಜಾಸ್ತಿ ಸಿಗುತ್ತೆ, ಆ ಬೇಕರಿ ಹುಡುಗಿಗೂ ಮ್ಯೂನಿಕ್‌ನ ಬಾಡಿಗೆ ಕಟ್ಟೋದು ಸುಲಭ ಅಲ್ಲ. ಹಾಗಂತ ಹಾಲಿನ ರೇಟು ಇಳಿಸಿ ಅಂತಾನೂ ನಾನು ಕೇಳಲ್ಲ. ಬೆಳಗಿನ ಜಾವ ಎದ್ದು ಹುಲ್ಲು, ಹಿಂಡಿ ಹಾಕಿ ಡೈರಿಗೆ ಹಾಲು ಹೊತ್ಕೊಂಡು ಹೋಗೋಳೂ ನಮ್ಮ ಪಕ್ಕದ ಬೀದಿ ಹೆಣ್ಣುಮಗಳೇ, ಆ 4 ರೂಪಾಯಿ ಏರಿಸಿದ್ದು ಅಂಥೋರಿಗೆ ಕೊಡೋಕೆ ಅಂತಾನೇ. ಅವಳಿಗೆ ಕಮ್ಮಿ ಮಾಡಿ ಇವಳಿಗೆ ಕೊಡೋದು ನ್ಯಾಯ ಅಲ್ಲ. ಏರಬೇಕಾಗಿರೋದು ಕೂಲಿ.

ಊರಿಗೆ ಬಂದ್ಮೇಲೆ ನನ್ನ ಖರ್ಚಿನ ನೋಟ್‌ಬುಕ್ಕಲ್ಲಿ ರೂಪಾಯಿ ಪಕ್ಕ ಇನ್ನೊಂದು ಗೆರೆ ಎಳೆದಿದೀನಿ. ಮೊನ್ನೆ ತೊಗರಿಬೇಳೆ ತಂದೆ, ಒಂದು ಕೆಜಿ, 120 ರೂಪಾಯಿ. ಪಕ್ಕದ ಗೆರೇಲಿ ಬರೆದೆ, ಎರಡೂವರೆ ಗಂಟೆಗೂ ಮೇಲೆ. ಅದರ ಕೆಳಗಿನ ಸಾಲಲ್ಲಿ ಕರಿಬೇವು, ಎರಡು ಎಸಳು, ಕೊಸರು.

ನಮಸ್ಕಾರ.