ಆಂಬುಲೆನ್ಸಿನಲ್ಲಿ ಕಾಲಿನಿಂದ ಒತ್ತುವ ಸಕ್ಷನ್ ಪಂಪ್ ಏಕೆ ಬೇಕು

ನಮಸ್ಕಾರ. ಕೋವಿಡ್ ಬಂದು ಹೋದ ಮೇಲೆ ಆಕ್ಸಿಜನ್, ವೆಂಟಿಲೇಟರ್, ಹಾಸಿಗೆಗಳ ಬಗ್ಗೆ ನಮ್ಮಲ್ಲಿ ಸಾಕಷ್ಟು ಮಾತು ನಡೆದಿದೆ. ಆದರೆ ರೋಗಿಯ ಗಂಟಲಿನಲ್ಲಿ ವಾಂತಿ, ರಕ್ತ ಅಥವಾ ಕಫ ತುಂಬಿಕೊಂಡಿದ್ದರೆ ಎಷ್ಟು ಆಕ್ಸಿಜನ್ ಕೊಟ್ಟರೂ ಅದು ಶ್ವಾಸಕೋಶಕ್ಕೆ ಇಳಿಯುವುದಿಲ್ಲ. ಅದನ್ನು ಎಳೆದು ತೆಗೆಯುವ ಸಕ್ಷನ್ ಯಂತ್ರದ ಬಗ್ಗೆ ಮಾತನಾಡಿದವರು ಕಡಿಮೆ.

ರಾಯಚೂರು ಜಿಲ್ಲೆಗೆ ಇದು ಸಣ್ಣ ವಿಷಯವಲ್ಲ. ಹತ್ತಿ, ಮೆಣಸಿನಕಾಯಿ, ಭತ್ತಕ್ಕೆ ಹೊಡೆಯುವ, ನಮ್ಮ ರೈತರು ಎಣ್ಣೆ ಎಂದೇ ಕರೆಯುವ ಕೀಟನಾಶಕಗಳಲ್ಲಿ ಆರ್ಗನೋಫಾಸ್ಫರಸ್ ಗುಂಪಿನವು ದೇಹವನ್ನು ಸೇರಿದರೆ, ನರಗಳ ಸಂದೇಶ ಒಯ್ಯುವ ಅಸಿಟೈಲ್‌ಕೋಲಿನ್ ಎಂಬ ರಾಸಾಯನಿಕವನ್ನು ಒಡೆಯುವ ಕಿಣ್ವ ಕೆಲಸ ನಿಲ್ಲಿಸಿ, ಬಾಯಿಯಲ್ಲಿ ಜೊಲ್ಲೂ ಶ್ವಾಸನಾಳದಲ್ಲಿ ದ್ರವವೂ ನಿಲ್ಲದೆ ಒಸರುತ್ತವೆ. ಅಟ್ರೋಪಿನ್ ಎಂಬ ಔಷಧ ಅದನ್ನು ಒಣಗಿಸುತ್ತದೆ ನಿಜ, ಆದರೆ ಡೋಸ್ ಏರಿಸುತ್ತ ಹೋಗಿ ಪರಿಣಾಮ ಕಾಣುವವರೆಗೆ ಗಂಟಲನ್ನು ಸಕ್ಷನ್‌ನಿಂದಲೇ ತೆರವಾಗಿಡಬೇಕು. ನಾಗರಹಾವು ಅಥವಾ ಕಟ್ಟುಹಾವು ಕಚ್ಚಿದವರಿಗೆ ನುಂಗುವ ಸ್ನಾಯುಗಳೇ ಸೋತು, ತಮ್ಮ ಜೊಲ್ಲೇ ಉಸಿರಿಗೆ ಅಡ್ಡಬರುತ್ತದೆ. ಸಿಂಧನೂರಿನಿಂದ ರಾಯಚೂರಿನ ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆಯಾದ ರಿಮ್ಸ್‌ಗೆ ಸುಮಾರು 90 ಕಿಲೋಮೀಟರ್ ದಾರಿಯಿದೆ. ಮೆದುಳಾದರೋ ಆಕ್ಸಿಜನ್ ಪೂರ್ತಿ ನಿಂತರೆ ಕೆಲವೇ ನಿಮಿಷಗಳಲ್ಲಿ ಹಾನಿಗೊಳ್ಳುತ್ತದೆ.

ಯಂತ್ರ ಇದೆಯೇ ಎಂದು ಕೇಳಿದರೆ ಸ್ಟಾಕ್ ರಿಜಿಸ್ಟರ್ ಇದೆ ಎಂದೇ ಹೇಳುತ್ತದೆ. ಕೇಳಬೇಕಾದದ್ದು ಅದು ಎಳೆಯುತ್ತದೆಯೇ ಎಂಬುದನ್ನು. ಪರೀಕ್ಷೆ ಸುಲಭ: ಯಂತ್ರ ಚಾಲೂ ಮಾಡಿ, ಪೈಪನ್ನು ಬೆರಳಿನಿಂದ ಮಡಚಿ ಹಿಡಿದರೆ ಎಳೆತದ ಬಲ ತೋರಿಸುವ ಗೇಜಿನ ಮುಳ್ಳು 300 ಮಿಲಿಮೀಟರ್ ಪಾದರಸವನ್ನು ದಾಟಬೇಕು. ದಾಟದಿದ್ದರೆ ಎಳೆದ ದ್ರವ ತುಂಬುವ ಜಾರಿನ ಮುಚ್ಚಳ ಸಡಿಲವಾಗಿರಬಹುದು, ಪೈಪು ಸೀಳಿರಬಹುದು, ಇಲ್ಲವೇ ಬ್ಯಾಟರಿ ಸತ್ತಿರಬಹುದು. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ನಮ್ಮ ಬಿಸಿಲಿಗೆ ನಿಂತ ವಾಹನದೊಳಗಿನ ಬ್ಯಾಟರಿ ಬೇಗ ಸವೆಯುತ್ತದೆ. ಶಕ್ತಿನಗರದ ಉಷ್ಣ ವಿದ್ಯುತ್ ಸ್ಥಾವರದಲ್ಲಿ ನಾಡಿಗೆಲ್ಲ ಕರೆಂಟು ಮಾಡುವ ಜಿಲ್ಲೆಯವರೇ ಕರೆಂಟಿಲ್ಲದಾಗ ಏನು ಮಾಡಬೇಕೆಂದು ಯೋಚಿಸಬೇಕಾಗಿರುವುದು ವಿಚಿತ್ರವೇ ಸರಿ.

ಆದ್ದರಿಂದ ನನ್ನ ಒತ್ತಾಯವಿಷ್ಟು: ಬ್ಯಾಟರಿ ಯಂತ್ರದ ಜೊತೆಗೆ, ಕಾಲಿನಿಂದಲೋ ಕೈಯಿಂದಲೋ ಒತ್ತುವ ಪಂಪೊಂದು ಪ್ರತಿ ಆಂಬುಲೆನ್ಸಿನಲ್ಲೂ ಪ್ರತಿ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲೂ ಇರಲಿ. ಅದಕ್ಕೆ ಚಾರ್ಜ್ ಬೇಕಿಲ್ಲ, ಬೆಲೆಯೂ ಕಡಿಮೆ. ಅದರ ಕೊರತೆಯೆಂದರೆ ಒತ್ತಲು ಒಬ್ಬರು ಬೇಕು, ಓಡುವ ಗಾಡಿಯಲ್ಲಿ ಆ ಕೆಲಸ ಸುಲಭವಲ್ಲ. ಹಾಗಿದ್ದರೂ ಎಳೆಯದ ಮೋಟಾರಿಗಿಂತ ಅದೇ ಮೇಲು.

ಪೈಪಿಗೆ ಸಿಕ್ಕಿಸಿ ಬಾಯಿಗೆ ಹಾಕುವ ತುದಿಯ ವಿಷಯದಲ್ಲೂ ಎಚ್ಚರ ಬೇಕು. ಕ್ಯಾಥೆಟರ್ ಎಂಬ ತೆಳು ರಬ್ಬರ್ ನಳಿಕೆಯಲ್ಲಿ ಕಫ ಬರುತ್ತದೆ, ಆದರೆ ವಾಂತಿಯಲ್ಲಿರುವ ಅನ್ನದ ಅಗುಳು ಸಿಕ್ಕಿಕೊಳ್ಳುತ್ತದೆ. ಬಾಯಿಗೆ ಯಾಂಕೌರ್ ಎಂಬ ಗಟ್ಟಿ, ಅಗಲ ತುದಿಯೇ ಬೇಕು. ಅದನ್ನು ಕಣ್ಣಿಗೆ ಕಾಣುವಷ್ಟು ದೂರವೇ ಹಾಕಬೇಕು, ಒಂದು ಸಲಕ್ಕೆ 10ರಿಂದ 15 ಸೆಕೆಂಡಿಗಿಂತ ಹೆಚ್ಚು ಎಳೆಯಬಾರದು, ಏಕೆಂದರೆ ಕಫದೊಂದಿಗೆ ಆಕ್ಸಿಜನ್ನೂ ಹೊರಬರುತ್ತದೆ. ಮುಂದಿನ ಖರೀದಿಯ ಪಟ್ಟಿಯಲ್ಲಿ ಯಂತ್ರದ ಹೆಸರಿನ ಕೆಳಗೆ ಈ ತುದಿ, ಹೆಚ್ಚುವರಿ ಪೈಪು ಮತ್ತು ಜಾರಿನ ಮುಚ್ಚಳವನ್ನೂ ಬರೆಯುವಂತೆ ತಾಲ್ಲೂಕು ಆರೋಗ್ಯಾಧಿಕಾರಿಗಳನ್ನು ಕೇಳಿಕೊಳ್ಳುತ್ತೇನೆ.